ಮೂರು ಕೈ ದಾಟಿ ಬಂದ ಬುಲೆಟ್ಟಿನ ಕ್ಲಚ್ಚು

ಕ್ಲಚ್ ಜಾರುತ್ತಿದೆ ಎಂಬುದು ಮೊದಲು ಗೊತ್ತಾಗುವುದು ಕಿವಿಗೆ. ನಾಲ್ಕನೇ ಗೇರಿನಲ್ಲಿ ಹೋಗುತ್ತಿರುತ್ತೀರಿ, ಮುಂದಿನ ಲಾರಿಯನ್ನು ಹಿಂದೆ ಹಾಕೋಣ ಎಂದು ರೇಸ್ ಕೊಡುತ್ತೀರಿ. ಎಂಜಿನ್ ಸದ್ದು ಏರುತ್ತದೆ, ಸ್ಪೀಡೋಮೀಟರಿನ ಮುಳ್ಳು ಮಾತ್ರ ಇದ್ದಲ್ಲೇ ಇರುತ್ತದೆ. ಎಂಜಿನ್ನಿಗೂ ಚಕ್ರಕ್ಕೂ ನಡುವೆ ಮಾತು ಬಿಟ್ಟುಹೋದ ಹಾಗೆ. ಲಾರಿಯ ಪಕ್ಕಕ್ಕೆ ಬಂದ ಮೇಲೆ, ಎದುರಿಂದ ಬಸ್ಸು ಬರುತ್ತಿರುವಾಗ ಹೀಗಾದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ಬ್ರೇಕ್ ಹೋದರೆ ಎಲ್ಲರೂ ಹೆದರುತ್ತಾರೆ, ಕ್ಲಚ್ ಜಾರಿದರೆ "ಇನ್ನೊಂದು ತಿಂಗಳು ಓಡತ್ತೆ ಬಿಡಿ" ಎನ್ನುತ್ತಾರೆ. ನನಗೆ ಈ ಧೋರಣೆ ಸರಿ ಕಾಣುವುದಿಲ್ಲ.

ಹಳೆಯ ಬುಲೆಟ್ಟಿನಲ್ಲಿ ಕಾಲಿಗೂ ಇದು ಗೊತ್ತಾಗುತ್ತದೆ. ಅದರ ಕಿಕ್ಕರ್ ಎಂಜಿನ್ನನ್ನು ನೇರವಾಗಿ ತಿರುಗಿಸುವುದಿಲ್ಲ. ಗೇರ್‌ಬಾಕ್ಸ್ ಮೂಲಕ, ಕ್ಲಚ್ ಮೂಲಕ, ಪ್ರೈಮರಿ ಚೈನ್ ಮೂಲಕ ಹೋಗಿ ಕೊನೆಗೆ ಪಿಸ್ಟನ್ ಮುಟ್ಟುತ್ತದೆ. ಕ್ಲಚ್ ಹಿಡಿಯದಿದ್ದರೆ ಕಿಕ್ಕರ್ ಬೆಣ್ಣೆಯೊಳಗೆ ಇಳಿದ ಹಾಗೆ ಮೆತ್ತಗೆ ಕೆಳಗಿಳಿಯುತ್ತದೆ, ಕಂಪ್ರೆಷನ್ನಿನ ಬಿಗಿಯೇ ಕಾಲಿಗೆ ತಾಗುವುದಿಲ್ಲ. ಕಿಕ್ಕರ್‌ನ ಹಲ್ಲು ಸವೆದಿದ್ದರೂ ಕಿಕ್ ತಪ್ಪುತ್ತದೆ, ಆದರೆ ಆಗ 'ಕಟಕ್' ಎಂದು ಸದ್ದಾಗಿ ಕಾಲು ಜರ್ಕ್ ಹೊಡೆಯುತ್ತದೆ. ಮೆತ್ತಗೆ ಇಳಿಯುವುದೂ ಜರ್ಕ್ ಹೊಡೆಯುವುದೂ ಬೇರೆ ಬೇರೆ ಕಾಯಿಲೆ. ಇದನ್ನು ಗೊಂದಲ ಮಾಡಿಕೊಂಡು ಗೇರ್‌ಬಾಕ್ಸ್ ಬಿಚ್ಚಿಸಿದವರನ್ನು ನಾನು ಬಲ್ಲೆ.

ಈಗ ನಮ್ಮ ಗಾಡಿಯ ಕತೆ. 1986ರ ಬುಲೆಟ್ 350. ಎರಕದ ಕಬ್ಬಿಣದ ಎಂಜಿನ್, 70 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕ್, 346 ಸಿಸಿ. ನಾಲ್ಕು ಗೇರು, ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಆ ಕಾಲದ ಬುಲೆಟ್ಟುಗಳ ಹಾಗೆ ಇದೂ ಹುಟ್ಟಿದ್ದು ಚೆನ್ನೈನ ಉತ್ತರ ತುದಿಯ ತಿರುವೊಟ್ಟಿಯೂರಿನಲ್ಲಿ. ಇಂಗ್ಲೆಂಡಿನ ರೆಡ್ಡಿಚ್‌ನ ಕಂಪನಿ ಮದ್ರಾಸ್ ಮೋಟಾರ್ಸ್ ಜೊತೆ ಸೇರಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿತು. ಆ ಇಂಗ್ಲಿಷ್ ಕಂಪನಿ ಮುಚ್ಚಿಹೋಯಿತು, ಮದ್ರಾಸಿನ ಕೂಸು ಉಳಿದುಕೊಂಡಿತು. ಅಲ್ಲಿಂದ ಈ ಗಾಡಿ ಹೋಗಿದ್ದು ಸಕಲೇಶಪುರಕ್ಕೆ. ನನ್ನ ಸೋದರಮಾವ ಅಲ್ಲೊಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಅವರು ಮೂವತ್ತು ವರ್ಷ ಓಡಿಸಿದ ಮೇಲೆ ಅವರ ಮಗ ಬೆಂಗಳೂರಿಗೆ ಒಯ್ದು, ಅದಕ್ಕೆ ಈಗಿನ ಫ್ಯಾಷನ್ನಿನ ವೇಷ ಹಾಕಿಸಿದ: ಕುಳ್ಳ ಹ್ಯಾಂಡಲ್, ಚಪ್ಪಟೆ ಸೀಟು, ಸದ್ದಿನ ಸೈಲೆನ್ಸರ್, ದಪ್ಪ ಹಿಂದಿನ ಟೈರು, ಹೈವೇಗೆಂದು 18 ಹಲ್ಲಿನ ಮುಂದಿನ ಸ್ಪ್ರಾಕೆಟ್. ಎಂಜಿನ್ ಒಳಗೆ ಕೈ ಹಾಕಲಿಲ್ಲ, ಅದು ಪುಣ್ಯ. ಮಗು ಹುಟ್ಟಿದ ಮೇಲೆ ಅವನಿಗೆ ಕಾರು ಬೇಕಾಯಿತು, ಪಾರ್ಕಿಂಗಿಗೆ ಜಾಗ ಬೇಕಾಯಿತು. "ಭಾವ, ನೀವು ತಗೊಂಡೋಗಿ, ಇಲ್ಲಾಂದ್ರೆ ಕೊಟ್ಟುಬಿಡ್ತೀನಿ" ಎಂದ. ಹೀಗೆ ಅದು ತನ್ನ ತವರಿಗೇ ವಾಪಸ್ ಬಂತು, ಚೆನ್ನೈನ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ.

ಆರ್‌ಸಿ ಮಾತ್ರ ಇನ್ನೂ ಮಾವನ ಹೆಸರಲ್ಲೇ ಇತ್ತು. 'ಕೆಎ' ನಂಬರುಗಳು ಬರುವುದಕ್ಕೂ ಮುಂಚಿನ ಸರಣಿಯದು. ಖಾಸಗಿ ಗಾಡಿಗೆ ಮೊದಲು 15 ವರ್ಷ, ಆಮೇಲೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಬೇಕು. ಲೆಕ್ಕ ಹಾಕಿದರೆ 2001, 2006, ಹೀಗೆ ಬಂದು 2026. ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಿ ತೋರಿಸಬೇಕು. ಅದರ ಬೆನ್ನಿಗೇ ಹೆಸರು ಬದಲಾವಣೆಯ ಕಾಗದಕ್ಕೆ ಮಾವನ ಸಹಿ ಆಗಬೇಕು. ಮಾವನಿಗೆ ಈಗ 78, ಕಳೆದ ವರ್ಷ ಎರಡು ಸಲ ಆಸ್ಪತ್ರೆ ಕಂಡು ಬಂದಿದ್ದಾರೆ. ಅವರೇ ಫೋನಿನಲ್ಲಿ ಹೇಳಿದರು: "ನಾನಿರೋವಾಗ್ಲೇ ಬಂದು ಸೈನ್ ಹಾಕಿಸ್ಕೊಂಡು ಹೋಗಪ್ಪ. ಆಮೇಲೆ ವಾರಸುದಾರರ ಸರ್ಟಿಫಿಕೇಟು ಅಂತ ನೀವು ತಾಲ್ಲೂಕಾಫೀಸು ಅಲೀಬೇಕಾಗುತ್ತೆ." ಅಂಥ ಮಾತಿಗೆ ಏನು ಉತ್ತರ ಕೊಡುವುದು? ಗಾಡಿ ರಿಪೇರಿ ಆಗಲೇಬೇಕಿತ್ತು, ಅದೂ ಡಿಸೆಂಬರ್ ಒಳಗೆ.

ಕ್ಲಚ್ ಜಾರುತ್ತಿದೆ ಎಂದರೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: "ಪ್ಲೇಟ್ ಹಾಕ್ಸಿ." ಪ್ಲೇಟ್ ಹಾಕಿಸುವುದು ತಪ್ಪಲ್ಲ, ಆದರೆ ಅದು ಸಾಲಿನ ಕೊನೆಯಲ್ಲಿ ಬರಬೇಕಾದ ಕೆಲಸ. ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಯಾದರೆ ಮ್ಯಾನ್ಯುಅಲ್ ನೋಡಿ ಮಾಡಬಹುದು. ಮಾಡಿಫೈ ಮಾಡಿದ ಹಳೆ ಗಾಡಿಗೆ ಮ್ಯಾನ್ಯುಅಲ್ ಇರುವುದಿಲ್ಲ. ಒಬ್ಬೊಬ್ಬರು ತಮ್ಮ ಅಗತ್ಯಕ್ಕೆ ತಕ್ಕ ಹಾಗೆ ಒಂದೊಂದು ಬದಲಿಸಿರುತ್ತಾರೆ, ಒಂದೊಂದೂ ಅದರಷ್ಟಕ್ಕೆ ಸರಿಯಾಗೇ ಇರುತ್ತದೆ. ಕೆಡುವುದು ಒಂದು ಬದಲಾವಣೆಗೂ ಇನ್ನೊಂದಕ್ಕೂ ನಡುವೆ. ನಮ್ಮ ಆಫೀಸಿನಲ್ಲಿ ಹತ್ತು ವರ್ಷದ ಹಳೆ ಕೋಡ್ ನೋಡಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಮೊದಲು ಕ್ಲಚ್ ಹೇಗೆ ಹಿಡಿಯುತ್ತದೆ ಎಂದು ಎರಡು ಮಾತು. ಒಂದು ಬುಟ್ಟಿ, ಅದರೊಳಗೆ ತಿಂಡಿ ತಟ್ಟೆಗಳ ಹಾಗೆ ಒಂದರ ಮೇಲೊಂದು ಜೋಡಿಸಿದ ಪ್ಲೇಟುಗಳು: ಒಂದು ಉಕ್ಕಿನದು, ಒಂದು ಹಿಡಿತದ ಪದರ ಅಂಟಿಸಿದ್ದು, ಮತ್ತೆ ಉಕ್ಕಿನದು. ಒಂದು ಬಗೆಯವು ಎಂಜಿನ್ ಜೊತೆ ತಿರುಗುತ್ತವೆ, ಇನ್ನೊಂದು ಬಗೆಯವು ಗೇರ್‌ಬಾಕ್ಸ್ ಜೊತೆ. ಸ್ಪ್ರಿಂಗುಗಳು ಇಡೀ ಗುಡ್ಡೆಯನ್ನು ಒತ್ತಿ ಹಿಡಿದಿರುತ್ತವೆ, ಆಗ ಎರಡೂ ಒಟ್ಟಿಗೆ ತಿರುಗುತ್ತವೆ. ಲಿವರ್ ಎಳೆದರೆ ಗೇರ್‌ಬಾಕ್ಸಿನ ಒಳಗಿಂದ ಒಂದು ತಳ್ಳುಕಡ್ಡಿ ಬಂದು ಮೇಲಿನ ಪ್ಲೇಟನ್ನು ಎತ್ತುತ್ತದೆ, ಗುಡ್ಡೆ ಸಡಿಲವಾಗುತ್ತದೆ. ಕ್ಲಚ್ ಎಷ್ಟು ತಾಕತ್ತು ದಾಟಿಸಬಲ್ಲದು ಎನ್ನುವುದು ನಾಲ್ಕರ ಮೇಲೆ ನಿಂತಿದೆ: ಸ್ಪ್ರಿಂಗಿನ ಒತ್ತಡ, ಉಜ್ಜುವ ಮೇಲ್ಮೈಗಳ ಎಣಿಕೆ, ಪ್ಲೇಟಿನ ಅಗಲ, ಮತ್ತು ಪದರದ ಹಿಡಿತ. ನಾಲ್ಕನ್ನೂ ಗುಣಿಸಬೇಕು. ಕೂಡುವುದಲ್ಲ, ಗುಣಿಸುವುದು. ಅದಕ್ಕೇ ಎರಡು ಕಡೆ ಸ್ವಲ್ಪ ಸ್ವಲ್ಪ ಕಡಿಮೆಯಾದರೂ ಮೊತ್ತ ಬಹಳ ಕೆಳಗಿಳಿಯುತ್ತದೆ. ಎರಡು ಕಡೆ ನೂರಕ್ಕೆ 15ರಷ್ಟು ಹೋದರೆ ಉಳಿಯುವುದು 72.

ದುಡ್ಡು ಖರ್ಚಾಗದ ಪರೀಕ್ಷೆ ಮೊದಲು. ಎಂಜಿನ್ ಆಫ್ ಮಾಡಿ ಕ್ಲಚ್ ಲಿವರನ್ನು ಒಂದು ಬೆರಳಿನಿಂದ ಎಳೆಯಿರಿ. ಬಿಗಿ ಸಿಗುವ ಮುಂಚೆ ಎರಡು ಮೂರು ಮಿ.ಮೀ. ಸುಮ್ಮನೆ ಆಡಬೇಕು. ಈ 'ಪ್ಲೇ' ಇಲ್ಲವೇ ಇಲ್ಲ ಎಂದರೆ ಯಾರೋ ಸದಾ ಲಿವರನ್ನು ಸ್ವಲ್ಪ ಹಿಡಿದೇ ಇದ್ದಾರೆ ಎಂದು ಲೆಕ್ಕ. ಇಲ್ಲೊಂದು ಸೂಕ್ಷ್ಮ ಇದೆ. ಬ್ರೇಕ್ ಸವೆದರೆ ಪೆಡಲ್ ಕೆಳಗೆ ಹೋಗುತ್ತದೆ, ಅಂದರೆ ಪ್ಲೇ ಹೆಚ್ಚುತ್ತದೆ. ಕ್ಲಚ್ಚಿನದು ತಿರುಗುಮುರುಗು. ಪ್ಲೇಟು ಸವೆದಂತೆ ಗುಡ್ಡೆ ತೆಳ್ಳಗಾಗುತ್ತದೆ, ಮೇಲಿನ ಪ್ಲೇಟು ಒಳಕ್ಕೆ ಕೂರುತ್ತದೆ, ತಳ್ಳುಕಡ್ಡಿ ಹಿಂದಕ್ಕೆ ಬಂದು ಪ್ಲೇ ಕಡಿಮೆಯಾಗುತ್ತದೆ. ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಕ್ಲಚ್ ತಾನಾಗಿಯೇ ಬಿಗಿಯಾಗಿ ಜಾರಲು ಶುರುಮಾಡುವುದು ಹೀಗೆ. ಲಿವರಿನ ಅಡ್ಜಸ್ಟರ್ ತಿರುಗಿಸಿ ಸರಿಯಾಗದಿದ್ದರೆ, ಬಲಗಡೆ ಗೇರ್‌ಬಾಕ್ಸ್ ಮೇಲಿರುವ ಸಣ್ಣ ಮುಚ್ಚಳ ಬಿಚ್ಚಿದರೆ ಒಳಗೊಂದು ಸ್ಕ್ರೂ, ಅದಕ್ಕೊಂದು ಚೆಕ್‌ನಟ್ ಇರುತ್ತದೆ. ನಟ್ ಸಡಿಲಿಸಿ, ಸ್ಕ್ರೂವನ್ನು ತಳ್ಳುಕಡ್ಡಿ ತಾಗುವವರೆಗೆ ಒಳಗೆ ಬಿಟ್ಟು, ಆಮೇಲೆ ಸ್ವಲ್ಪ ಹಿಂದಕ್ಕೆ ತಿರುಗಿಸಿ ನಟ್ ಬಿಗಿ ಮಾಡಬೇಕು. ಹತ್ತು ನಿಮಿಷದ ಕೆಲಸ.

ನಮ್ಮದರಲ್ಲಿ ಪ್ಲೇ ಸರಿಯಾಗೇ ಇತ್ತು, ಹ್ಯಾಂಡಲ್ ನೆಟ್ಟಗಿದ್ದಾಗ. ಈ 'ನೆಟ್ಟಗಿದ್ದಾಗ' ಎನ್ನುವುದು ಮುಖ್ಯ. ಬೆಂಗಳೂರಿನಿಂದ ಗಾಡಿ ತರುವಾಗ ವಾಣಿಯಂಬಾಡಿ ಹತ್ತಿರ ಬಲಕ್ಕೆ ಹೊರಳಿ ಏಲಗಿರಿ ಬೆಟ್ಟ ಹತ್ತಿದ್ದೆ. 14 ಹೇರ್‌ಪಿನ್ ತಿರುವು. ಎಡ ತಿರುವುಗಳಲ್ಲಿ ಗಾಡಿ ಗುಡುಗುಡು ಎಂದು ಹತ್ತಿತು. ಬಲ ತಿರುವುಗಳಲ್ಲಿ ಮಾತ್ರ ಎಂಜಿನ್ ಕೂಗಿ, ಗಾಡಿ ಒಂದು ಕ್ಷಣ ತಡವರಿಸುತ್ತಿತ್ತು. ಪ್ಲೇಟಿಗೆ ಎಡ ಬಲ ಗೊತ್ತಿರುವುದಿಲ್ಲ. ಹ್ಯಾಂಡಲ್ ಜೊತೆ ತಿರುಗುವಂಥದ್ದು ಕ್ಲಚ್ಚಿನ ವಿಷಯದಲ್ಲಿ ಒಂದೇ: ಕೇಬಲ್.

ಮಾವನ ಕಾಲದ ಎತ್ತರದ ಹ್ಯಾಂಡಲಿಗೆ ಮಾಡಿದ ಉದ್ದದ ಕೇಬಲ್ಲು ಕುಳ್ಳ ಹ್ಯಾಂಡಲಿಗೆ ಹೆಚ್ಚಾಗಿತ್ತು. ಹೆಚ್ಚಿನದನ್ನು ಸುರುಳಿ ಸುತ್ತಿ, ಟ್ಯಾಂಕಿನ ಮುಂದೆ ಫ್ರೇಮಿಗೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಿದ್ದರು. ನೋಡಲು ಬಹಳ ಅಚ್ಚುಕಟ್ಟು. ಆದರೆ ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದರೆ ಎಡಗೈಯ ಹಿಡಿ ಮುಂದಕ್ಕೆ ಹೋಗುತ್ತದೆ, ಕಟ್ಟಿದ ಜಾಗದಿಂದ ದೂರವಾಗುತ್ತದೆ. ಆಗ ಕೇಬಲ್ಲಿನ ಹೊರಕವಚ ಲಿವರ್ ಬಳಿಯ ಕುಳಿಯಿಂದ ಎದ್ದು ಬರುತ್ತಿತ್ತು. ಕವಚ ಹಿಂದೆ ಸರಿದರೂ ಒಂದೇ, ಒಳಗಿನ ತಂತಿ ಎಳೆದರೂ ಒಂದೇ. ಕ್ಲಚ್ ಅರ್ಧ ಬಿಟ್ಟುಕೊಳ್ಳುತ್ತದೆ. ಪಟ್ಟಿ ಕತ್ತರಿಸಿ, ಅಳತೆಗೆ ತಕ್ಕ ಕೇಬಲ್ ಹಾಕಿ, ಎರಡೂ ಕೊನೆಗೆ ಹ್ಯಾಂಡಲ್ ತಿರುಗಿಸಿ ಪ್ಲೇ ನೋಡಿದ್ದಾಯಿತು. ಬಲ ತಿರುವಿನ ಕಾಯಿಲೆ ಅಲ್ಲಿಗೆ ಮುಗಿಯಿತು. ಹ್ಯಾಂಡಲ್ ಬದಲಿಸಿದ ಯಾರೇ ಆಗಲಿ ಈ ಒಂದು ಪರೀಕ್ಷೆ ಮಾಡಿಕೊಳ್ಳಿ. ಗಾಡಿ ಸ್ಟ್ಯಾಂಡ್ ಮೇಲಿರಲಿ, ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತಾ ಲಿವರ್ ಆಡಿಸಿ ನೋಡಿ. ಆಕ್ಸಿಲರೇಟರ್ ಕೇಬಲ್ಲಿಗೂ ಇದೇ ಮಾತು, ಅದು ಇನ್ನೂ ಅಪಾಯ.

ಇಷ್ಟಾಗಿ ಎರಡು ತಿಂಗಳು ಗಾಡಿ ಚೆನ್ನಾಗಿ ಓಡಿತು. ಮಳೆಗಾಲಕ್ಕೆ ಮುಂಚೆ ಒಂದು ಸರ್ವಿಸ್ ಆಗಲಿ ಎಂದು ಹತ್ತಿರದ ಒಂದು ಅಂಗಡಿಗೆ ಕೊಟ್ಟೆವು. ತೊಳೆದು, ಎಣ್ಣೆ ಬದಲಿಸಿ, ಫಳಫಳ ಮಾಡಿ ಕೊಟ್ಟರು. ಹದಿನೈದು ದಿನಕ್ಕೆ ನಾಲ್ಕನೇ ಗೇರಿನಲ್ಲಿ ಜಾರಲು ಶುರು. ತಿಂಗಳಿಗೆ ಕಿಕ್ಕರೂ ಮೆತ್ತಗೆ ಇಳಿಯತೊಡಗಿತು. ಬೆಳಿಗ್ಗೆ ತಣ್ಣಗಿದ್ದಾಗ ಪರವಾಗಿಲ್ಲ, ಹತ್ತು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಆಗುವುದಿಲ್ಲ.

ಹಳೆ ಬುಲೆಟ್ ಬಲ್ಲವರನ್ನು ಚೆನ್ನೈನಲ್ಲಿ ಹುಡುಕುವುದು ಕಷ್ಟವಲ್ಲ. ಜನರಲ್ ಪ್ಯಾಟರ್ಸ್ ರೋಡಿನಲ್ಲಿ ಬಿಡಿಭಾಗದ ಅಂಗಡಿಗಳ ಸಾಲೇ ಇದೆ, ಹಳೆ ಸಾಮಾನು ಬೇಕಾದರೆ ಪುದುಪೇಟೆ. ಅಲ್ಲಿ ಒಬ್ಬರು ಇನ್ನೊಬ್ಬರನ್ನು ತೋರಿಸಿ, ಅವರು ಮತ್ತೊಬ್ಬರನ್ನು ತೋರಿಸಿ, ಕೊನೆಗೆ ಒಂದು ತಗಡಿನ ಶೆಡ್ಡಿನ ಮುಂದೆ ನಿಂತೆ. ಮೇಸ್ತ್ರಿಗೆ ಅರವತ್ತರ ಮೇಲೆ. ನನ್ನ ತಮಿಳು ಕೇಳಿ ಎರಡು ನಿಮಿಷ ಸುಮ್ಮನಿದ್ದು, "ಕನ್ನಡದಾಗೇ ಯೋಳಿ ಸಾರ್, ನಾನು ಒಸೂರ್ ಕಡೆಯವ್ನು" ಎಂದರು. ಪರಊರಿನಲ್ಲಿ ಇಂಥ ಮಾತು ಕಿವಿಗೆ ಬಿದ್ದರೆ ಆಗುವ ಸಂತೋಷ ಈ ಪತ್ರಿಕೆ ಓದುವವರಿಗೆ ಗೊತ್ತಿರುತ್ತದೆ.

ಅವರು ಮೊದಲು ಕಿಕ್ಕರನ್ನು ಕೈಯಿಂದ ಒತ್ತಿ ನೋಡಿದರು. ಆಮೇಲೆ ಎಡಗಡೆಯ ಪ್ರೈಮರಿ ಕವರಿನ ಲೆವೆಲ್ ಸ್ಕ್ರೂ ಬಿಚ್ಚಿ, ಬಂದ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಉಜ್ಜಿದರು. "ಯಾವ ಆಯಿಲ್ ಆಕವ್ರೆ?" ಬಿಲ್ ತೋರಿಸಿದೆ. ಎಂಜಿನ್ನಿಗೂ ಪ್ರೈಮರಿಗೂ ಒಂದೇ ಡಬ್ಬದ ಎಣ್ಣೆ, ಕಾರಿನದು, ಮೈಲೇಜ್ ಹೆಚ್ಚಿಸುವ ಬಗೆಯದು. ಮೇಸ್ತ್ರಿ ತಲೆ ಅಲ್ಲಾಡಿಸಿದರು. "ಒಳ್ಳೆ ಆಯಿಲ್ಲೇ ಸಾರ್. ಅದ್ಕೇ ಜಾರ್ತದೆ."

ಈ ಮಾತನ್ನು ಸ್ವಲ್ಪ ಬಿಡಿಸಬೇಕು. ಕಾರಿನ ಕ್ಲಚ್ ಒಣಗಿದ್ದು, ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಆದ್ದರಿಂದ ಕಾರಿನ ಎಣ್ಣೆಗೆ ಘರ್ಷಣೆ ಇಳಿಸುವ ರಾಸಾಯನಿಕ ಬೆರೆಸಬಹುದು. ಎಂಜಿನ್ ಹಗುರವಾಗಿ ತಿರುಗುತ್ತದೆ, ಪೆಟ್ರೋಲ್ ಉಳಿಯುತ್ತದೆ. ಬುಲೆಟ್ಟಿನಂಥ ಬೈಕಿನ ಕ್ಲಚ್ ಎಣ್ಣೆಯೊಳಗೇ ಕೂತಿರುತ್ತದೆ. ಘರ್ಷಣೆಯೇ ಅದರ ಅನ್ನ. ಆ ರಾಸಾಯನಿಕ ಪ್ಲೇಟಿನ ಪದರದಲ್ಲಿ ಇಳಿದರೆ ಹಿಡಿತ ಹೋಗುತ್ತದೆ, ಬಿಸಿಯಾದಂತೆ ಇನ್ನೂ ಹೋಗುತ್ತದೆ. ಡಬ್ಬದ ಹಿಂದೆ ದುಂಡಗಿನ ಎಪಿಐ ಗುರುತು ಇರುತ್ತದೆ. ಅದರ ಕೆಳಗಿನ ಅರ್ಧದಲ್ಲಿ 'ಎನರ್ಜಿ ಕನ್ಸರ್ವಿಂಗ್' ಅಥವಾ 'ರಿಸೋರ್ಸ್ ಕನ್ಸರ್ವಿಂಗ್' ಎಂದಿದ್ದರೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಬೇಡ. ಬೈಕಿನ ಎಣ್ಣೆಗೆ ಜಪಾನಿನವರ ಜಾಸೋ ಗುರುತು ನೋಡಿ: ಎಂಎ ಅಥವಾ ಎಂಎ2 ಎಂದಿದ್ದರೆ ಇಂಥ ಕ್ಲಚ್ಚಿಗೆ ಆಗುತ್ತದೆ, ಎಂಬಿ ಎಂದಿದ್ದರೆ ಅದು ಸ್ಕೂಟರಿಗೆ. ಬುಲೆಟ್ಟಿನಲ್ಲಿ ಒಂದು ಅನುಕೂಲ ಏನೆಂದರೆ ಎಂಜಿನ್ ಎಣ್ಣೆ ಬೇರೆ, ಪ್ರೈಮರಿ ಎಣ್ಣೆ ಬೇರೆ, ಗೇರ್‌ಬಾಕ್ಸಿನದು ಬೇರೆ. ಒಂದನ್ನು ಬದಲಿಸಲು ಎಲ್ಲ ಚೆಲ್ಲಬೇಕಿಲ್ಲ. ಹಾಗೇ, ನೀವು ಹಾಕದೆಯೂ ಪ್ರೈಮರಿಯಲ್ಲಿ ಎಣ್ಣೆಯ ಮಟ್ಟ ಏರುತ್ತಿದ್ದರೆ ಕ್ರ್ಯಾಂಕ್ ಕಡೆಯಿಂದ ಎಂಜಿನ್ ಎಣ್ಣೆ ಬರುತ್ತಿದೆ ಎಂದು ಅರ್ಥ. ಆಗ ಸೀಲ್ ನೋಡಬೇಕು.

ಎಣ್ಣೆ ಬದಲಿಸಿದರೆ ಸಾಕೇ ಎಂದು ಕೇಳಿದೆ. "ಬಿಚ್ಚಿ ನೋಡನ ಸಾರ್. ಒಂದು ಕಿತ ಬಿಚ್ಚುದ್ರೆ ಎಲ್ಲ ಯೋಳ್ತದೆ" ಎಂದರು.

ಹಳೆ ಬುಲೆಟ್ಟಿನ ಪ್ರೈಮರಿ ಕವರ್ ಬಿಚ್ಚುವುದು ನೋಡಲು ಚೆಂದ. ಬ್ರೇಕ್ ಪೆಡಲ್, ಎಡಗಾಲಿಡುವ ಕಡ್ಡಿ ತೆಗೆದರೆ, ಅಷ್ಟು ದೊಡ್ಡ ಕವರನ್ನು ಹಿಡಿದಿರುವುದು ನಡುವಿನ ಒಂದೇ ಒಂದು ನಟ್. ಕೆಳಗೆ ಟ್ರೇ ಇಡದೆ ಬಿಚ್ಚಿದರೆ ಎಣ್ಣೆಯೆಲ್ಲ ನೆಲಕ್ಕೆ. ಒಂದೇ ನಟ್ ಎಂದು ಕೆಲವರು ಅದನ್ನು ಸಿಕ್ಕಾಪಟ್ಟೆ ಬಿಗಿ ಮಾಡುತ್ತಾರೆ, ಕವರ್ ಬಾಗುತ್ತದೆ, ಆಮೇಲೆ ಜನ್ಮಪೂರ್ತಿ ಸೋರುತ್ತದೆ. 'ಬುಲೆಟ್ ಅಂದ್ರೆ ಎಣ್ಣೆ ಸೋರೋದೇ' ಎಂಬ ಗಾದೆಗೆ ಅರ್ಧ ಕಾರಣ ಈ ನಟ್ಟೇ ಇರಬೇಕು. ರಬ್ಬರ್ ರಿಂಗ್ ಸರಿಯಾಗಿ ಕೂತರೆ ಹದವಾದ ಬಿಗಿ ಸಾಕು.

ಸ್ಪ್ರಿಂಗುಗಳನ್ನು ಬಿಚ್ಚುವ ಮುಂಚೆ ಮೇಸ್ತ್ರಿ ಲಿವರ್ ಎಳೆಯಲು ಹೇಳಿದರು. ಮೇಲಿನ ಪ್ಲೇಟು ನೆಟ್ಟಗೆ ಏಳಲಿಲ್ಲ. ಒಂದು ಬದಿ ಮೊದಲು, ಇನ್ನೊಂದು ಬದಿ ಆಮೇಲೆ, ಡಬ್ಬದ ಮುಚ್ಚಳ ಒಂದು ಕಡೆಯಿಂದ ಎತ್ತಿದ ಹಾಗೆ. ಬಿಚ್ಚಿದಾಗ ಕಾರಣ ಸಿಕ್ಕಿತು. ಎರಡು ಸ್ಪ್ರಿಂಗುಗಳ ಕೆಳಗೆ ಮಾತ್ರ ಹೆಚ್ಚುವರಿ ವಾಷರ್. ವಾಷರ್ ಇದ್ದ ಕಡೆ ಒತ್ತಡ ಹೆಚ್ಚು, ಇಲ್ಲದ ಕಡೆ ಕಡಿಮೆ. ಪ್ಲೇಟುಗಳೂ ಅದೇ ಲೆಕ್ಕದಲ್ಲಿ ಓರೆಯಾಗಿ ಸವೆದಿದ್ದವು.

ಅಲ್ಲೇ ನಿಂತು ಮಾವನಿಗೆ ಫೋನ್ ಮಾಡಿದೆ.

"ಮಾವ, ಕ್ಲಚ್ ಸ್ಪ್ರಿಂಗಿಗೆ ವಾಷರ್ ಹಾಕ್ಸಿದ್ರಾ ಯಾವಾಗಾದ್ರೂ?"

"ಹೂಂ ಕಣಪ್ಪ, ಹಾಕ್ಸಿದ್ದೆ. 92ರಲ್ಲೋ 93ರಲ್ಲೋ. ಹಿಂದೆ ಮೆಣಸಿನ ಚೀಲ ಕಟ್ಕೊಂಡು ಏರು ಹತ್ತೋವಾಗ ಜಾರ್ತಿತ್ತು. ಸ್ಪ್ರಿಂಗ್ ತರಿಸ್ಬೇಕು ಅಂದ್ರೆ ಹಾಸನಕ್ಕೆ ಹೋಗ್ಬೇಕಿತ್ತು. ಮೆಕ್ಯಾನಿಕ್ ಹತ್ರ ಎರಡೇ ವಾಷರ್ ಇದ್ದಿದ್ದು, ಅವನ್ನೇ ಹಾಕ್ದ. ಓಡ್ತಲ್ಲ!"

ಓಡಿದ್ದು ನಿಜ. ಮೂವತ್ತು ವರ್ಷ ಓಡಿತು. ಮಾವನಿಗೆ ಸ್ಪೀಡ್ ಬೇಕಿರಲಿಲ್ಲ, ಮೊದಲ ಎರಡು ಗೇರಿನಲ್ಲಿ ಏರು ಹತ್ತಿದರೆ ಸಾಕಿತ್ತು. ಲಿವರ್ ಗಟ್ಟಿಯಾಯಿತು, ಅವರ ಕೈಯೂ ಗಟ್ಟಿ ಇತ್ತು. ಆ ಓರೆ ಒತ್ತಡ ತೊಂದರೆ ಕೊಡಲು ಶುರುಮಾಡಿದ್ದು ಮಗ ಸ್ಪ್ರಾಕೆಟ್ ಬದಲಿಸಿದ ಮೇಲೆ.

ಮೂಲತಃ ಗೇರ್‌ಬಾಕ್ಸ್ ಸ್ಪ್ರಾಕೆಟ್ಟಿಗೆ 16 ಹಲ್ಲು. 18 ಹಾಕಿದರೆ ಅದೇ ಎಂಜಿನ್ ವೇಗಕ್ಕೆ ಗಾಡಿ ನೂರಕ್ಕೆ ಹನ್ನೆರಡೂವರೆಯಷ್ಟು ಹೆಚ್ಚು ದೂರ ಹೋಗುತ್ತದೆ. ಹೈವೇಯಲ್ಲಿ ಎಂಜಿನ್ ಆರಾಮವಾಗಿ ಗುನುಗುತ್ತದೆ, ಸುಖ. ಬೆಲೆ ತೆರುವುದು ಹೊರಡುವಾಗ. ಒಂದನೇ ಗೇರು ಅಷ್ಟೇ ಎತ್ತರವಾಗುತ್ತದೆ, ನಿಂತಲ್ಲಿಂದ ಹೊರಡಲು ಅರ್ಧ ಕ್ಲಚ್ಚಿನಲ್ಲಿ ಹೆಚ್ಚು ಹೊತ್ತು ಉಜ್ಜಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಪ್ರತಿ ಹತ್ತು ಅಡಿಗೊಮ್ಮೆ ಹೀಗೆ ಮಾಡಿದರೆ ಪ್ಲೇಟು ಸುಡದೆ ಇನ್ನೇನು? ಕ್ಲಚ್ ದಾಟಿಸಬೇಕಾದ ಗರಿಷ್ಠ ತಾಕತ್ತು ಹೆಚ್ಚಾಗಿರಲಿಲ್ಲ, ಎಂಜಿನ್ ಅದೇ ತಾನೆ. ಉಜ್ಜುವ ಹೊತ್ತು ಹೆಚ್ಚಾಗಿತ್ತು, ಅದರ ಬಿಸಿ ಹೆಚ್ಚಾಗಿತ್ತು. ಉಕ್ಕಿನ ಪ್ಲೇಟುಗಳ ಮೇಲೆ ನೀಲಿ ಬಣ್ಣ ತಿರುಗಿತ್ತು, ಹಿಡಿತದ ಪದರ ಗಾಜಿನ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ಚೆನ್ನೈನ ಅಂಗಡಿಯ ಜಾರು ಎಣ್ಣೆ. ಹಿಡಿತ ಕಡಿಮೆ, ಒತ್ತಡ ಓರೆ. ಗುಣಾಕಾರದ ಲೆಕ್ಕ ಕಣ್ಣೆದುರೇ ಇತ್ತು.

ಇಲ್ಲಿ ಎರಡು ದಾರಿ ಇತ್ತು. ಇನ್ನೂ ಬಲವಾದ ಸ್ಪ್ರಿಂಗ್ ಹಾಕಿ 18 ಹಲ್ಲನ್ನು ಉಳಿಸಿಕೊಳ್ಳುವುದು, ಇಲ್ಲವೇ ಕ್ಲಚ್ ಯಾವ ಲೆಕ್ಕಕ್ಕೆ ಹುಟ್ಟಿತ್ತೋ ಅಲ್ಲಿಗೆ ಗಾಡಿಯನ್ನು ವಾಪಸ್ ತರುವುದು. ಮಾವನ ಮಗ ಮೊದಲನೆಯದಕ್ಕೆ ಬಹಳ ವಾದ ಮಾಡಿದ. ನನಗೆ ಎರಡನೆಯದೇ ಸರಿ ಎನಿಸಿತು. ಬಲವಾದ ಸ್ಪ್ರಿಂಗ್ ಎಂದರೆ ಲಿವರ್ ಇನ್ನೂ ಗಟ್ಟಿ, ಕೇಬಲ್ ಹರಿಯುವುದು ಬೇಗ, ತಳ್ಳುಕಡ್ಡಿಯ ತುದಿ ಸವೆಯುವುದು ಬೇಗ. ವಾಷರ್ ಹೆಚ್ಚು ಹಾಕಿದರೆ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿ ಪ್ಲೇಟು ಪೂರಾ ಏಳುವುದೇ ಇಲ್ಲ. ಜಾರುವ ಕಾಯಿಲೆ ಹೋಗಿ ಬಿಡದ ಕಾಯಿಲೆ ಬರುತ್ತದೆ, ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಹುಡುಕಿ ಸಾಕಾಗುತ್ತದೆ. ಹಿಮ್ಮಡಿಯಿಂದ ಒತ್ತುವ ನ್ಯೂಟ್ರಲ್ ಫೈಂಡರ್ ಇದೆಯಲ್ಲ ಎಂದರೆ, ಅದು ಇರುವುದು ಅನುಕೂಲಕ್ಕೆ, ಊರುಗೋಲಿಗಲ್ಲ.

350ಕ್ಕೆ 500ರ ಬ್ಯಾರಲ್ ಹಾಕಿಸಿದವರ ವಿಷಯ ಬೇರೆ. ಎರಡರ ಸ್ಟ್ರೋಕೂ 90 ಮಿ.ಮೀ., ಬೋರ್ ಮಾತ್ರ 70 ಇದ್ದದ್ದು 84 ಆಗುತ್ತದೆ. 346 ಸಿಸಿ ಹೋಗಿ 499. ಅಲ್ಲಿ ಕ್ಲಚ್ ಮೇಲಿನ ಹೊರೆ ನಿಜವಾಗಿಯೂ ಏರುತ್ತದೆ, ಹಳೆ ಕ್ಲಚ್ಚನ್ನೇ ಇಟ್ಟುಕೊಂಡು ಪ್ಲೇಟು ಬದಲಿಸುತ್ತಾ ಕೂತರೆ ಮುಗಿಯುವುದಿಲ್ಲ. ಎಂಜಿನ್ ದೊಡ್ಡದು ಮಾಡುವಾಗಲೇ ಕ್ಲಚ್ಚಿನ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು.

ಸ್ಪ್ರಾಕೆಟ್ ಬದಲಿಸುವುದು ಸಣ್ಣ ಕೆಲಸವಲ್ಲ. ಬುಲೆಟ್ಟಿನಲ್ಲಿ ಅದು ಕ್ಲಚ್ಚಿನ ಹಿಂದೆ, ಪ್ರೈಮರಿಯ ಒಳಕವಚದ ಆಚೆ ಇದೆ. ಆಲ್ಟರ್ನೇಟರ್, ಎಂಜಿನ್ ಸ್ಪ್ರಾಕೆಟ್, ಪ್ರೈಮರಿ ಚೈನ್, ಕ್ಲಚ್ ಬುಟ್ಟಿ ಎಲ್ಲ ಹೊರಗೆ ಬರಬೇಕು. ಬುಟ್ಟಿ ಎಳೆಯಲು ಪುಲ್ಲರ್ ಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಬುಟ್ಟಿಯೂ ಹೋಗುತ್ತದೆ, ಒಳಕವಚವೂ ಹೋಗುತ್ತದೆ. ಮನೆಯಲ್ಲಿ ಮಾಡುವ ಆಸೆ ಇದ್ದವರು ಪ್ಲೇಟಿನವರೆಗೆ ಮಾಡಿ, ಅಲ್ಲಿಂದ ಮುಂದೆ ಮೇಸ್ತ್ರಿಗೆ ಬಿಡಿ. ಮೇಸ್ತ್ರಿ ಬುಟ್ಟಿಯ ಬೆರಳುಗಳಲ್ಲಿ ಪ್ಲೇಟು ಕಚ್ಚಿದ ಗುರುತುಗಳನ್ನು ತೋರಿಸಿದರು. ಅವು ಆಳವಾಗಿದ್ದರೆ ಕ್ಲಚ್ ಜರ್ಕ್ ಹೊಡೆಯುತ್ತದೆ, ಸರಿಯಾಗಿ ಬಿಡುವುದಿಲ್ಲ. ನಮ್ಮದರಲ್ಲಿ ಸಣ್ಣವಿದ್ದವು, ಅರ ಹಾಕಿ ನಯ ಮಾಡಿದರು. ಉಕ್ಕಿನ ಪ್ಲೇಟುಗಳನ್ನು ಒಂದು ಗಾಜಿನ ಹಲಗೆಯ ಮೇಲಿಟ್ಟು ಅಂಚಿನಲ್ಲಿ ಫೀಲರ್ ಗೇಜ್ ತೂರಿಸಿ ನೋಡಿದರೆ ಬಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಎರಡು ಬಾಗಿದ್ದವು.

ಹೊಸ ಪ್ಲೇಟು ಸೆಟ್ಟು, ಎಲ್ಲ ಸ್ಪ್ರಿಂಗು ಹೊಸವು ಮತ್ತು ಒಂದೇ ಸೆಟ್ಟಿನವು, ವಾಷರ್ ಯಾವುದೂ ಇಲ್ಲ, 16 ಹಲ್ಲಿನ ಸ್ಪ್ರಾಕೆಟ್, ಅದಕ್ಕೆ ತಕ್ಕಂತೆ ಹಿಂದಿನ ಚೈನಿನ ಕೊಂಡಿ ತೆಗೆದದ್ದು. ಹಿಡಿತದ ಪ್ಲೇಟುಗಳನ್ನು ಹಾಕುವ ಮುಂಚೆ ಒಂದು ರಾತ್ರಿ ಸರಿಯಾದ ಎಣ್ಣೆಯಲ್ಲಿ ನೆನೆಸಿಟ್ಟರು, ಅಕ್ಕಿ ನೆನೆಹಾಕಿದ ಹಾಗೆ. ಒಣಗಿದ ಪ್ಲೇಟು ಹಾಕಿ ಹೊರಟರೆ ಮೊದಲ ದಿನವೇ ಸುಟ್ಟುಕೊಳ್ಳುತ್ತದೆ. ಎಲ್ಲ ಜೋಡಿಸಿ ಮತ್ತೆ ಲಿವರ್ ಎಳೆದು ನೋಡಿದಾಗ ಮೇಲಿನ ಪ್ಲೇಟು ಸುತ್ತಲೂ ಒಂದೇ ಸಮ ಎದ್ದಿತು. ಪ್ರೈಮರಿ ಚೈನಿಗೆ ಮೇಲೆ ಕೆಳಗೆ ಸುಮಾರು 6 ಮಿ.ಮೀ. ಆಟ ಬಿಟ್ಟು, ಕವರ್ ಮುಚ್ಚಿ, ಲೆವೆಲ್ ಸ್ಕ್ರೂವಿನಿಂದ ಹೊರಬರುವಷ್ಟು ಎಣ್ಣೆ ಹಾಕಿದ್ದಾಯಿತು. ಲಿವರ್ ಈಗ ಎರಡು ಬೆರಳಿಗೆ ಬಗ್ಗುತ್ತದೆ.

ಸದ್ದಿನ ಸೈಲೆನ್ಸರನ್ನೂ ಅದೇ ದಿನ ಬಿಚ್ಚಿಸಿ ಮೂಲದ್ದನ್ನು ಹಾಕಿಸಿದೆ, ಮಾವನ ಅಟ್ಟದಲ್ಲಿ ಗೋಣಿ ಸುತ್ತಿ ಇಟ್ಟಿದ್ದರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 'ವಿಂಟೇಜ್ ಗಾಡಿ, ಪರವಾಗಿಲ್ಲ' ಎನ್ನುವವರಿಗೆ ಇನ್ನೊಂದು ಮಾತು: 2021ರ ಕೇಂದ್ರ ನಿಯಮದಲ್ಲಿ ವಿಂಟೇಜ್ ಎಂದರೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ನಮ್ಮದು ಎರಡರಲ್ಲೂ ಫೇಲು. ನಾವು ಬಾಯಿಮಾತಿಗೆ ವಿಂಟೇಜ್ ಎನ್ನುತ್ತೇವೆ ಅಷ್ಟೇ. ದೆಹಲಿಯ ಓದುಗರಿಗಂತೂ 15 ವರ್ಷ ದಾಟಿದ ಪೆಟ್ರೋಲ್ ಗಾಡಿಯ ಪಾಡು ಹೇಳಿಕೊಡಬೇಕಿಲ್ಲ. ನವೀಕರಣ ಮುಗಿಸಿ, ಮಾವನ ಸಹಿ ಪಡೆದು, ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ ಹಿಡಿದು ಚೆನ್ನೈನಲ್ಲಿ ಮರುನೋಂದಣಿ ಮಾಡಿಸಿ ಇಲ್ಲಿನ ರೋಡ್ ಟ್ಯಾಕ್ಸ್ ಕಟ್ಟಬೇಕು. ಒಂದು ರಾಜ್ಯದ ಗಾಡಿ ಇನ್ನೊಂದರಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಇದು ತಪ್ಪಿದ್ದಲ್ಲ.

ಡಿಸೆಂಬರಿನ ಒಂದು ಶುಕ್ರವಾರ ನಸುಕಿನಲ್ಲಿ ಹೊರಟು, ಬೆಂಗಳೂರಿನಲ್ಲಿ ರಾತ್ರಿ ಉಳಿದು, ಶನಿವಾರ ಮಧ್ಯಾಹ್ನ ಸಕಲೇಶಪುರ ಮುಟ್ಟಿದೆ. 65ರ ಮೇಲೆ ಓಡಿಸಲಿಲ್ಲ, 16 ಹಲ್ಲಿಗೆ ಅದೇ ಹದ. ತೋಟದ ಲೈನ್ ಮನೆಗಳ ಪಕ್ಕದ ಏರನ್ನು ಎರಡನೇ ಗೇರಿನಲ್ಲಿ ಹತ್ತಿದೆ. ಮಾವ ಜಗುಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಾಗದದ ಮಾತಿಗೆ ಮುಂಚೆ ಎದ್ದು ಬಂದು, ಗೋಡೆ ಹಿಡಿದುಕೊಂಡು, ಕಿಕ್ಕರ್ ಮೇಲೆ ಚಪ್ಪಲಿ ಕಾಲಿಟ್ಟು ನಿಧಾನ ಒತ್ತಿದರು. ಕಂಪ್ರೆಷನ್ ತಾಗಿದಲ್ಲಿ ಕಾಲು ನಿಂತಿತು. ಕಿಕ್ ಹೊಡೆಯಲಿಲ್ಲ. "ಹಿಡೀತಿದೆ" ಎಂದು ಹೇಳಿ ಒಳಗೆ ಹೋಗಿ ಪೆನ್ ತಂದರು.

ಸೋಮವಾರ ಇನ್‌ಸ್ಪೆಕ್ಟರ್ ಚಾಸಿಸ್ ನಂಬರ್ ಉಜ್ಜಿ ನೋಡಿದರು, ಲೈಟು ಹಾರ್ನು ನೋಡಿದರು, ಹ್ಯಾಂಡಲ್ ಬಗ್ಗೆ ಎರಡು ಮಾತು ಹೇಳಿ ಮೂಲದ್ದನ್ನು ಹಾಕಿಸಿಕೊಂಡು ಬರಲು ಹೇಳಿದರು. ಎತ್ತರದ ಹ್ಯಾಂಡಲೂ ಅಟ್ಟದಲ್ಲೇ ಇತ್ತು, ಅದರ ಕೇಬಲ್ಲು ನನ್ನ ಬ್ಯಾಗಿನಲ್ಲಿತ್ತು. ಬುಧವಾರ ಮತ್ತೆ ಹೋಗಿ ತೋರಿಸಿದ್ದಾಯಿತು. ವಾಪಸ್ ಬಂದು ನೋಡಿದರೆ ಹೊಸ ಪ್ಲೇಟುಗಳು ಕೂತು ಲಿವರಿನ ಪ್ಲೇ ಒಂದು ಮಿ.ಮೀ.ಗೆ ಇಳಿದಿತ್ತು. ಅಡ್ಜಸ್ಟರನ್ನು ಒಂದು ಸುತ್ತು ಬಿಟ್ಟೆ. ಮೇಸ್ತ್ರಿ ಹೇಳಿದ ಪ್ರಕಾರ 500 ಕಿಲೋಮೀಟರಿಗೆ ಇನ್ನೊಮ್ಮೆ ನೋಡಬೇಕು, ಆಮೇಲೆ ಆರು ತಿಂಗಳು ಮುಟ್ಟಬೇಕಿಲ್ಲ.